ಕಲೆ ತೆಗೆಯುವವನ ಮೂಗು

ಇಸ್ತ್ರಿ ಅಕ್ಕನ ಕಿವಿಗೆ ಅವನ ಸುದ್ದಿ ಮೊದಲು ಬಿದ್ದದ್ದು ಅವಳು ಲಾಂಡ್ರಿಗೆ ಸೇರಿದ ದಿನ. ಒಗೆಯುವ ಹೆಂಗಸೊಬ್ಬಳು ಒಳಕೋಣೆಯತ್ತ ಗದ್ದ ಚಾಚಿ, "ಅಲ್ಲಿ ಕೂತಿದಾನಲ್ಲ, ಕಲೆ ತೆಗೆಯೋನು, ಅವನು ಮೂಗಿಗೆ ಸಂಬಳ ತಗೊಳ್ತಾನೆ ಕಣೇ! ರಟ್ಟೆ ಮುರ್ಕೊಳ್ಳೋರು ನಾವು," ಎಂದು ನಕ್ಕಿದ್ದಳು.

ಸುಳ್ಳೇನಲ್ಲ. ಒಣಗಿದ ಮೇಲೆ ಚಹಾವೂ ಕಂದು, ರಕ್ತವೂ ಕಂದು. ಅವನು ಕಲೆಯ ಮೇಲೆ ಎರಡು ಹನಿ ನೀರು ಬಿಟ್ಟು ಒಮ್ಮೆ ಮೂಸಿದನೆಂದರೆ ತೀರಿತು, ಕೈ ತಾನಾಗಿ ಸರಿಯಾದ ಸೀಸೆಗೆ ಹೋಗುತ್ತಿತ್ತು.

ಹನ್ನೆರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಅಂಗಿಯೊಂದನ್ನು ಹಿಡಿದು ಅವಳ ಮೇಜಿನ ಹತ್ತಿರ ಬಂದ.

"ಅಕ್ಕಾ, ಇದೇನು ಕಲೆ?"

"ಸೀಮೆಎಣ್ಣೆ ಕಣಪ್ಪಾ, ಮೂಗಿಗೆ ಹೊಡೀತಿದೆ!"

"ನನಗೆ ಹೊಡೀತಿಲ್ಲ," ಎಂದ. "ಈ ಸೀಸೆಗಳ ಘಾಟು ಮೂಗನ್ನೇ ತಿಂದ್ಬಿಡ್ತು. ಮಾಲೀಕರಿಗೆ ಗೊತ್ತಾದ್ರೆ ಅವತ್ತೇ ತೆಗೆದುಹಾಕ್ತಾರೆ. ಆಮೇಲೆ ಅವಳ ಔಷಧಿಗೆ ಏನು ಮಾಡ್ಲಿ?"

ಅವನ ಹೆಂಡತಿ ಹಾಸಿಗೆ ಹಿಡಿದು ಮೂರು ವರ್ಷ.

ಅಂದಿನಿಂದ ಬಟ್ಟೆಗಳು ಅಕ್ಕನ ಮೂಗಿನಡಿ ಹಾಯ್ದೇ ಒಳಗೆ ಹೋದವು. ಇಸ್ತ್ರಿಪೆಟ್ಟಿಗೆ ಒಂದು ಸಲ ಕುಕ್ಕಿದರೆ ಚಹಾ, ಎರಡು ಸಲ ಕುಕ್ಕಿದರೆ ರಕ್ತ, ಮೂರಾದರೆ ಎಣ್ಣೆ.

"ಬಟ್ಟೆ ಮೇಲೆ ಯಾಕಮ್ಮಾ ಇಷ್ಟು ಸಿಟ್ಟು?" ಎಂದು ಮಾಲೀಕರು ಕೇಳಿದರೆ, "ಸತ್ತ ಗಂಡ ನೆನಪಾಗ್ತಾನೆ, ಸಾರ್," ಎನ್ನುತ್ತಿದ್ದಳು.

ಹೀಗೇ ಎಂಟು ತಿಂಗಳು ತಳ್ಳಿದರು. ಆಮೇಲೆ ಅವಳ ದವಡೆಹಲ್ಲು ಕೈಕೊಟ್ಟಿತು. ತೆಗೆಸಲು ಹೋದದ್ದು ಒಂದೇ ದಿನ. ಅದೇ ದಿನ ಬರಬೇಕೇ ವಕೀಲರೊಬ್ಬರ ಬಿಳಿ ಅಂಗಿ! ಕೊರಳಪಟ್ಟಿಯ ಚುಕ್ಕೆಯನ್ನು ಚಹಾ ಎಂದುಕೊಂಡು ಅವನು ಕುದಿಯುವ ನೀರು ಹುಯ್ದ. ಅದು ಗಡ್ಡ ಹೆರೆಯುವಾಗ ತೊಟ್ಟಿಕ್ಕಿದ ರಕ್ತ. ಬಿಸಿ ತಾಗಿದ ರಕ್ತ ನೂಲಿಗೆ ಕಚ್ಚಿಕೊಂಡರೆ ಯಾರಪ್ಪ ಬಂದರೂ ಬಿಡುವುದಿಲ್ಲ.

ಮರುದಿನ ಅವಳು ಊದಿದ ಕೆನ್ನೆ ಹೊತ್ತು ಬಂದಾಗ ಮಾಲೀಕರು ಅವನ ಮುಂದೆ ಎರಡು ಲೋಟ ಇಟ್ಟಿದ್ದರು.

"ಒಂದ್ರಲ್ಲಿ ನೀರು, ಒಂದ್ರಲ್ಲಿ ವಿನೆಗರ್. ಯಾವುದು ಯಾವುದು, ಹೇಳು."

ಅವನು ಎರಡನ್ನೂ ಮೂಸಿದ. ಮತ್ತೆ ಮೂಸಿದ. ಕೊನೆಗೆ ಅವಳ ಕಡೆ ನೋಡಿದ. ಇಸ್ತ್ರಿಪೆಟ್ಟಿಗೆ ಅವಳ ಕೈಗೆಟುಕುವಲ್ಲೇ ಇತ್ತು, ಆದರೆ ಎಷ್ಟು ಸಲ ಕುಕ್ಕುವುದು? ನೀರಿಗೂ ವಿನೆಗರಿಗೂ ಅವರು ಲೆಕ್ಕ ಇಟ್ಟುಕೊಂಡಿರಲಿಲ್ಲ.

ಸಂಜೆಯೊಳಗೆ ಅವನ ಪೀಠ ಖಾಲಿಯಾಯಿತು. ಒಂದು ಹಲ್ಲಿನ ಜೊತೆ ಒಂದು ಸಂಸಾರವನ್ನೇ ಕಿತ್ತುಬಂದೆನಲ್ಲಾ ಎಂದು ಅಕ್ಕ ಬಾಯಿಗೆ ಸೆರಗೊತ್ತಿಕೊಂಡು ಅತ್ತಳು.

ಹೆಂಡತಿ ಎರಡು ತಿಂಗಳೂ ಉಳಿಯಲಿಲ್ಲ. ಅಕ್ಕ ನೋಡಲು ಹೋದಾಗ ಅವನು ಗೋಡೆಗೊರಗಿ ಕೂತಿದ್ದ. ಗಲ್ಲ ಒಳಸೇರಿತ್ತು. ಮಡಿಲಲ್ಲಿ ಹೆಂಡತಿಯ ನೀಲಿ ಸ್ವೆಟರ್. ಕಂಕುಳಲ್ಲಿ ಬೆವರಿನ ಗುರುತು, ಎದೆಯ ಮೇಲೆ ಔಷಧಿಯ ಕಲೆ. ಜೀವಮಾನವಿಡೀ ಊರವರ ಕಲೆ ತೆಗೆದವನು ಅದನ್ನು ನೀರಿಗೆ ಸೋಕಿಸಿರಲಿಲ್ಲ.

ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದ.

"ಅಕ್ಕಾ, ಒಂದ್ಸಲ ಮೂಸಿ ಹೇಳಿ. ಅವಳು ಇನ್ನೂ ಇದಾಳಾ ಇದರಲ್ಲಿ?"