ಇಲಿ ತಿಂದ ಹಾಳೆಗಳು

ನಮ್ಮ ಸೋದರಮಾವ ಚಾಮರಾಜನಗರದಲ್ಲಿ ಮೇಷ್ಟರಾಗಿದ್ದವರು. ಮಕ್ಕಳಿರಲಿಲ್ಲ. ಸಂಬಳ ಬಂದರೆ ಪುಸ್ತಕ ತರುತ್ತಿದ್ದರು. ಅಕ್ಕನನ್ನೂ ನನ್ನನ್ನೂ ಓದಲೆಂದು ಅಪ್ಪ ಅವರ ಮನೆಯಲ್ಲಿ ಬಿಟ್ಟಿದ್ದರು. ಅಕ್ಕ ಓದಿದಳು. ನಾನು ಮೂರನೇ ಕ್ಲಾಸು ದಾಟಲಾರದೆ ಹರವೆ ಪಕ್ಕದ ನಮ್ಮೂರಿಗೆ ವಾಪಸು ಬಂದು ರೇಷ್ಮೆ ಹುಳು ಸಾಕುವುದನ್ನು ಕಲಿತೆ.

ಸಂಜೆ ಹೊತ್ತು ಮಾವ ಅಕ್ಕನಿಗೆ ಒಂದು ದಪ್ಪ ಕಾದಂಬರಿ ಓದಿ ಹೇಳುತ್ತಿದ್ದರು. ಅದರಲ್ಲಿ ಒಬ್ಬಳ ಗಂಡ ದೇಶಾಂತರ ಹೋಗಿಬಿಟ್ಟಿರುತ್ತಾನೆ. ಎಷ್ಟೋ ವರ್ಷದ ಮೇಲೆ ಯಾರೋ ಬಂದು ಬಾಗಿಲು ತಟ್ಟುತ್ತಾರೆ. ಕತೆ ಅಲ್ಲಿಗೆ ಬಂದಾಗ ಅಕ್ಕನ ಮದುವೆ ನಿಶ್ಚಯವಾಯಿತು. ಗುಂಡ್ಲುಪೇಟೆಯ ತುಂಬಿದ ಮನೆಗೆ ಹೋದವಳಿಗೆ ಮಾವನ ಮನೆಗೆ ಬಂದು ಕೂತು ಓದುವ ಪುರುಸೊತ್ತು ಸಿಗಲೇ ಇಲ್ಲ. ಯಾವಾಗ ಸಿಕ್ಕಿದರೂ, "ಅವ್ಳು ಬಾಗ್ಲು ತೆಗುದ್ಲೋ ಇಲ್ವೋ, ಅದೊಂದು ತಿಳೀಲಿಲ್ಲ ಕಣ್ಲಾ," ಎನ್ನುತ್ತಿದ್ದಳು.

ಮೊದಲನೇ ಚುನಾವಣೆ ನಡೆದ ವರ್ಷ ಮಾವ ತೀರಿಕೊಂಡರು. ಪುಸ್ತಕಗಳೆಲ್ಲ ನಮ್ಮಿಬ್ಬರಿಗೆ ಎಂದು ಹೇಳಿ ಹೋಗಿದ್ದರು. ಅಕ್ಕನ ಮನೆಯಲ್ಲಿ ಇಡಲು ಜಾಗವಿರಲಿಲ್ಲ.

"ನಮ್ಮನೇಲಿ ಅಟ್ಟ ಕಟ್ಟುಸ್ತಾವ್ರೆ. ಅದಾಗೋ ಗಂಟ ನೀನೇ ಮಡಗಿರು. ಮುಟ್ಬ್ಯಾಡ," ಎಂದಳು.

"ನಾನ್ಯಾಕಕ್ಕ ಮುಟ್ಲಿ, ಓದಕ್ಕಾ?" ಎಂದೆ.

ಪುಸ್ತಕಗಳು ಎತ್ತಿನ ಗಾಡಿಯಲ್ಲಿ ಬಂದವು. ಅವಕ್ಕೆ ಜಾಗ ಮಾಡಲು ರಾಗಿ ಗುಡಾಣ ಹಿತ್ತಿಲ ಬಾಗಿಲಿಗೆ ಹೋಯಿತು. ನನ್ನ ಹೆಂಡತಿ ಅದನ್ನು ಸುತ್ತಿ ಓಡಾಡುವಾಗಲೆಲ್ಲ, "ನಿಮ್ಮಾವ ಒಂದು ಎಮ್ಮೆನಾದ್ರೂ ಬುಟ್ಟೋಗ್ಬಾರ್ದಿತ್ತಾ," ಎನ್ನುತ್ತಿದ್ದಳು. ಊರಿನವನೊಬ್ಬ ತನ್ನ ಮನೆಗೆ ಬೀಗರು ಬರುವ ದಿನ ಒಂದಷ್ಟು ಪುಸ್ತಕ ಎರವಲು ಒಯ್ದು ಜಗಲಿಯಲ್ಲಿ ಜೋಡಿಸಿದ. ಬಂದವರು ಅವನ ಮಗಳನ್ನು ಒಪ್ಪಿ ಹೋದರು. ಪುಸ್ತಕದಿಂದ ಆದ ಪ್ರಯೋಜನ ಅದೊಂದೇ.

ಆ ಬೆಳೆಗೆ ಹುಳುಗಳು ಚೆನ್ನಾಗಿದ್ದವು. ಎಳೆ ಹುಳು ಬಿಡುವಾಗ ಬಿದಿರಿನ ತಟ್ಟೆಗೆ ಕಾಗದ ಹಾಸಬೇಕು. ಪೇಟೆಯಿಂದ ಹಳೇ ಪತ್ರಿಕೆ ತರುವುದನ್ನು ಮರೆತಿದ್ದೆ. ಮನೆಯ ಮೂಲೆ ತುಂಬ ಕಾಗದವಿತ್ತು.

ಮೊದಲು ಖಾಲಿ ಹಾಳೆಗಳನ್ನು ಮಾತ್ರ ಕಿತ್ತೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆಮೇಲೆ ಮುನ್ನುಡಿಗಳು. ಕತೆ ಶುರುವಾಗುವ ಮೊದಲೇ ಯಾರೋ ಬೇರೆಯವರು ಮಾತಾಡುವುದು ನನಗೆ ಸರಿಯೆನಿಸಲಿಲ್ಲ. ಅದೂ ಸಾಲಲಿಲ್ಲ. ಕತೆಯನ್ನು ಎಲ್ಲಿ ಕತ್ತರಿಸಿದರೆ ನಷ್ಟ ಕಡಿಮೆ ಎಂದು ಯೋಚಿಸಿದೆ. ಮೊದಲು ತೆಗೆದರೆ ಓದುವವರಿಗೆ ಯಾರು ಯಾರೆಂದು ತಿಳಿಯುವುದಿಲ್ಲ. ನಡುವೆ ತೆಗೆದರೆ ದಾರಿ ತಪ್ಪುತ್ತದೆ. ಕೊನೆಯವರೆಗೆ ಓದಿದವರಿಗೆ ಎಲ್ಲ ತಿಳಿದೇ ಇರುತ್ತದಲ್ಲ. ಹಾಗಾಗಿ ಕೊನೆಗಳನ್ನು ಕುಡುಗೋಲಿನಿಂದ ನೀಟಾಗಿ ಕುಯ್ದೆ. ದಪ್ಪ ಪುಸ್ತಕದಿಂದ ಸ್ವಲ್ಪ ಹೆಚ್ಚೇ ತೆಗೆದೆ. ಅದು ಯಾವ ಪುಸ್ತಕ ಎಂದು ನೋಡಲಿಲ್ಲ.

ರೇಷ್ಮೆ ಮನೆಗೆ ಹೊಗೆಸೊಪ್ಪಿನ ಗಾಳಿ ಸೋಕಬಾರದು, ಹುಳು ಸಾಯುತ್ತವೆ. ಪಕ್ಕದ ಮನೆಯ ಮುದುಕ ಸದಾ ಅದನ್ನು ಜಗಿಯುತ್ತಿದ್ದನಾದ್ದರಿಂದ ಅವನನ್ನು ಬೀದಿಯಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದೆ. ಹೀಗಿದ್ದೂ ಎರಡೇ ದಿನದಲ್ಲಿ ಹುಳುಗಳು ತಲೆ ಒದರಿ, ಹಸಿರು ಕಕ್ಕಿ ಸತ್ತವು. ನಾನು ಅವನ್ನು ತಿಪ್ಪೆಗೆ ಸುರಿಯುವಾಗ ಮುದುಕ ಒಂದು ಹಾಳೆ ಎತ್ತಿ ಮೂಸಿದ.

"ನನ್ನ ಬೀದೀಲಿ ನಿಲ್ಸಿ, ಒಳಗೆ ಹೊಗೆಸೊಪ್ಪಿನ ಅಂಗ್ಡೀನೇ ಮಡಗಿದ್ದೀಯಲ್ಲಲಾ. ಒಳ್ಳೇ ಸೊಪ್ಪು ಕಣ. ಯಾರ್ದು?"

ಮಾವನದು. ಪುಸ್ತಕಕ್ಕೆ ಹುಳು ಹತ್ತದಿರಲೆಂದು ಅವರು ಪುಟಗಳ ನಡುವೆ ಹೊಗೆಸೊಪ್ಪಿನ ಚೂರು ಇಡುತ್ತಿದ್ದರಂತೆ. ನಾನು ಹಾಳೆ ಕೊಡವುವಾಗ ಉದುರಿದ್ದನ್ನು ಹಳೇ ಧೂಳು ಎಂದುಕೊಂಡಿದ್ದೆ.

ಅಟ್ಟ ಮುಗಿಯಿತು, ಹುಳು ಸತ್ತ ಸುದ್ದಿ ಕೇಳಿಕೊಂಡೇ ಅಕ್ಕ ಬಂದಳು. ಕಾಲು ತೊಳೆದವಳೇ ಹುಡುಕಿದ್ದು ಆ ದಪ್ಪ ಕಾದಂಬರಿಯನ್ನು. ಹೊಸಿಲ ಮೇಲೆ ಕೂತು ಓದತೊಡಗಿದಳು. ಹೆಂಡತಿ ಕೊಟ್ಟ ಮಜ್ಜಿಗೆ ಪಕ್ಕದಲ್ಲೇ ಉಳಿಯಿತು. ನಾನು ಸೌದೆ ಒಡೆಯಲು ಹೋದೆ. ಮನೆಯಲ್ಲಿ ಸೌದೆ ಬೇಕಾದಷ್ಟಿತ್ತು.

"ಬಾರ್ಲಾ ಇಲ್ಲಿ. ಏನಿದು?"

"ಇಲಿ ಕಣಕ್ಕಾ."

ಅಕ್ಕ ಕುಯ್ದ ಅಂಚಿನ ಮೇಲೆ ಬೆರಳಾಡಿಸಿದಳು. "ಕುಡ್ಲು ಇಡ್ಕೊಂಡು ಬಂದಿತ್ತಾ?"

"ಈ ಕಡೆ ಇಲಿ ಅಂಗೇಯ."

ಸೂರಿನಡಿ ಒಂದರ ಮೇಲೊಂದು ಪೇರಿಸಿದ್ದ ಖಾಲಿ ತಟ್ಟೆಗಳನ್ನು ಅವಳು ನೋಡಿದಳು. ಒಂದು ತಟ್ಟೆಗೆ ಅಚ್ಚಿನ ಕಾಗದದ ಚೂರು ಇನ್ನೂ ಅಂಟಿಕೊಂಡಿತ್ತು. ಅಕ್ಕ ಎದ್ದಳು. ನನ್ನ ಪಾಲನ್ನೂ ಸೇರಿಸಿ ಎಲ್ಲವನ್ನೂ ಗಾಡಿಗೆ ಹಾಕಿಸಿಕೊಂಡು ಹೋದಳು.

ಸುಗ್ಗಿ ಕಳೆದ ಮೇಲೆ, ತಡೆಯಲಾರದೆ, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಅಕ್ಕನ ಮನೆಯ ಜಗಲಿ ತುಂಬ ಬೀದಿಯ ಹೆಂಗಸರು. ಅವಳು ಅದೇ ದಪ್ಪ ಪುಸ್ತಕ ಓದಿ ಹೇಳುತ್ತಿದ್ದಳು. ನಾನು ಕಂಬದ ಹಿಂದೆ ಕೂತೆ. ಓದುತ್ತ ಓದುತ್ತ ಹಾಳೆ ಮುಗಿಯಿತು. ಅವಳ ದನಿ ನಿಲ್ಲಲಿಲ್ಲ. ಖಾಲಿ ರಟ್ಟನ್ನು ನೋಡುತ್ತಲೇ ಮುಂದಕ್ಕೆ ಹೋದಳು. ಬಾಗಿಲು ತಟ್ಟಿದವನು ಗಂಡನಲ್ಲ, ತಮ್ಮ. ಅಕ್ಕ ನಂಬಿ ಕೊಟ್ಟ ಒಡವೆ ಹಾಳುಮಾಡಿ, ಸಾಕಿದ ಹುಳುಗಳನ್ನೆಲ್ಲ ಸಾಯಿಸಿಕೊಂಡು ಬಂದು ನಿಂತಿದ್ದ.

"ಈ ಕತೇಲೂ ಹುಳ ಸತ್ವಾ?" ಎಂದಳು ಒಬ್ಬಳು.

"ಆ ಬಡ್ಡೈದ ಯಾವ ಪುಸ್ತಕಕ್ಕೋದ್ರೂ ಬತ್ತಾನಲ್ಲ," ಎಂದಳು ಅವರಲ್ಲೇ ವಯಸ್ಸಾದವಳು. "ಅಕ್ಕ ಬಾಗ್ಲು ತೆಗುದ್ಲಾ?"

ಅಕ್ಕ ಪುಸ್ತಕ ಮುಚ್ಚಿದಳು. ಹೆಂಗಸರು ಗೊಣಗಿಕೊಂಡು ಎದ್ದರು.

ಇಲಿಯಲ್ಲ, ನಾನು ಎಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಇಲ್ಲಿ ಬರೆಯುವಷ್ಟು ಸುಲಭವಲ್ಲ ಅದು. ಬಾಯಿಗೆ ಬಂದದ್ದು ಬೇರೆ.

"ಬಾಗ್ಲು ತೆಗುದ್ಲಾ ಅಕ್ಕಾ?"

"ನಂಗೇನ್ಲಾ ಗೊತ್ತು," ಎಂದಳು. "ಆ ಹಾಳೆನ ಇಲಿ ತಿಂದದೆ."

ಆಮೇಲೆ ಉಣ್ಣಲು ಕರೆದಳು. ಹುರುಳಿ ಸಾರು ಮಾಡಿದ್ದಳು. ನಾನು ತಲೆ ಎತ್ತದೆ ಎರಡು ಸಲ ಬಡಿಸಿಕೊಂಡೆ.