ವೆಲಿಕಕ್ಕನ ‘ಅಂತೆ’

ಬಲ್ಗೇರಿಯದ ಬ್ರೆಸ್ತಾಕ್ ಊರಿನಲ್ಲಿ ಏನೇ ಸುದ್ದಿ ಹುಟ್ಟಲಿ, ಜನ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ವೆಲಿಕಕ್ಕ ಅಂತೆ ಹಾಕಿದಳೋ, ಹಾಕದೆ ಹೇಳಿದಳೋ? ಹಾಕದೆ ಹೇಳಿದ್ದರೆ ಮುಗಿಯಿತು, ಅದು ನಡೆದದ್ದೇ. ಹಾಕಿದ್ದರೆ, ಇರಲಿ ನೋಡೋಣ ಎಂದು ಟೋಪಿ ಸರಿಮಾಡಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ರಾಜಧಾನಿಯ ದೊಡ್ಡ ದೊಡ್ಡ ಚಾನೆಲ್ಲುಗಳಿಗೆ ಈ ಭಾಗ್ಯ ಇರಲಿಲ್ಲ. ಅವು ಗಂಟಲು ಹರಿದುಕೊಂಡದ್ದೇ ಬಂತು.

ಬಲ್ಗೇರಿಯದವರ ಮಾತಿನಲ್ಲೂ ಕನ್ನಡದ ಹಾಗೆಯೇ ಅಂತೆ ಉಂಟು. ಕಣ್ಣಾರೆ ಕಂಡದ್ದಕ್ಕೆ ಕ್ರಿಯಾಪದ ಒಂದು ಥರ, ಯಾರೋ ಹೇಳಿ ಕೇಳಿದ್ದಕ್ಕೆ ಇನ್ನೊಂದು ಥರ. ಹಾಲುಗಲ್ಲದ ಮಕ್ಕಳೂ ಇದರಲ್ಲಿ ತಪ್ಪುವುದಿಲ್ಲ. ತಪ್ಪುವವರು ಸುದ್ದಿಯವರು. ಅಂತೆ ಹಾಕಿದರೆ ಸುದ್ದಿ ಸಪ್ಪೆಯಾಗುತ್ತದಲ್ಲ, ಅದಕ್ಕೇ ಕಿತ್ತೆಸೆದು ಉಪ್ಪುಖಾರ ಹಚ್ಚುತ್ತಾರೆ.

ವೆಲಿಕಾ ಊರ ರೇಡಿಯೊದವಳು. ಪುರಸಭೆಯ ಮೇಲಂತಸ್ತಿನಲ್ಲಿ ಒಂದು ಕೋಣೆ, ಒಂದು ಮೈಕು. ಅಲ್ಲಿಂದ ಹೊರಟ ತಂತಿ ಚೌಕದ ಧ್ವನಿವರ್ಧಕಕ್ಕೂ ಮನೆಮನೆಯ ಅಡುಗೆಕೋಣೆಯ ಪೆಟ್ಟಿಗೆಗೂ ಹೋಗುತ್ತಿತ್ತು. ಸುದ್ದಿ ಹುಡುಕುವವಳು, ಬರೆಯುವವಳು, ಮಧ್ಯಾಹ್ನ ಕೂತು ಓದುವವಳು ಎಲ್ಲ ಅವಳೇ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಬಾಯಿ ಮಾತ್ರ ದೇವರು ಧಾರಾಳವಾಗಿ ಕೊಟ್ಟಿದ್ದ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಮಹಾಶಯ ಹಳೆಯ ಸರ್ಕಾರದ ಕಾಲದವನು. ಗೋಧಿ ಬೆಳೆ ದುಪ್ಪಟ್ಟಾಯಿತು ಎಂದು ಅಂತೆಯ ಹಂಗಿಲ್ಲದೆ ಓದುತ್ತಿದ್ದ. ಅದೇ ಹೊತ್ತಿಗೆ ಜನ ಬ್ರೆಡ್ಡಿಗೆ ಸಾಲು ನಿಂತಿರುತ್ತಿದ್ದರು. ವೆಲಿಕಾ ಕೆಲಸಕ್ಕೆ ಸೇರಿದ ದಿನವೇ ಹೇಳಿಬಿಟ್ಟಳು, “ನಾನು ನೋಡ್ದೇ ಇರೋ ಗೋಧೀನ ನಾನು ಕೊಯ್ಯಲ್ಲ.”

ಮಾತಿಗೆ ತಕ್ಕಂತೆ ನಡೆದುಕೊಂಡಳು ಕೂಡ. ಹೊಳೆದಂಡೆಯ ರಸ್ತೆ ರಿಪೇರಿಯಾಗಿದೆ ಎಂದು ಓದಲು ಮೇಯರ್ ಚೀಟಿ ಕಳಿಸಿದರೆ, ಇವಳು ಕೊಡೆ ಹಿಡಿದು ಹೊಳೆದಂಡೆಗೆ ನಡೆದೇ ಹೋದಳು. ಮಧ್ಯಾಹ್ನ ಓದಿದ್ದು ಹೀಗೆ: ರಸ್ತೆ ರಿಪೇರಿಯಾಗಿದೆಯಂತೆ, ನಾನು ಹೋಗಿ ನೋಡಿದೆ, ಮೇಯರ್ ಅವರ ಮಾವನ ಮನೆಯ ತನಕ ಆಗಿದೆ. ಚೌಕದಲ್ಲಿ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಯರ್ ಕುಣಿದಾಡಿದ, ಕೆಲಸದಿಂದ ತೆಗೆಯುತ್ತೇನೆಂದ, ಚುನಾವಣೆ ಹತ್ತಿರ ಬಂದದ್ದರಿಂದ ತೆಪ್ಪಗಾದ. ಆಮೇಲೆ ಉಳಿದರ್ಧ ರಸ್ತೆಯೂ ಆಯಿತು. ಅಂದಿನಿಂದ ವೆಲಿಕಕ್ಕನಿಗೆ ತನ್ನ ಅಂತೆಯ ಮೇಲೆ ಎಲ್ಲಿಲ್ಲದ ಭರವಸೆ. ಇದ್ದರೆ ತಪ್ಪೇನು, ಊರಿಗೂ ಇತ್ತು.

ಹೀಗಿರುವಾಗ ಒಂದು ವಸಂತದಲ್ಲಿ ಶಿಶುವಿಹಾರದ ಮಕ್ಕಳು ಮಧ್ಯಾಹ್ನ ದಾಲ್ಚಿನ್ನಿ ಉದುರಿಸಿದ ಹಾಲು-ಅನ್ನ ಉಂಡರು. ಸಂಜೆಯ ಹೊತ್ತಿಗೆ ಒಬ್ಬೊಬ್ಬರೇ ವಾಂತಿ ಮಾಡಿಕೊಳ್ಳತೊಡಗಿದರು. ಬೇಕರಿಯ ಕಲಿನಾಳ ಮಗಳಂತೂ ಕಣ್ಣು ಮೇಲೆ ಮಾಡಿಬಿಟ್ಟಿತ್ತು. ಆಂಬುಲೆನ್ಸಿನಲ್ಲಿ ಹಾಕಿಕೊಂಡು ಜಿಲ್ಲಾಸ್ಪತ್ರೆಗೆ ಓಡಿದರು. ಪುಣ್ಯಕ್ಕೆ ಎಲ್ಲ ಮಕ್ಕಳೂ ಚೇತರಿಸಿಕೊಂಡರು. ಆದರೆ ಹಾಲು ಬಂದದ್ದು ಪ್ರೋಡನ್‌ನ ಡೈರಿಯಿಂದ.

ಪ್ರೋಡನ್ ವೆಲಿಕಾಳ ಪಕ್ಕದ ಮನೆಯವನು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಬೇಲಿ ಹಾಕುವಾಗ ಅವಳ ತಾಯಿ ನೆಟ್ಟ ಅಕ್ರೋಟ್ ಮರವನ್ನು ತನ್ನ ಕಡೆಗೆ ಸೇರಿಸಿಕೊಂಡುಬಿಟ್ಟಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಕಾಯಿ ಉದುರುವ ಕಾಲದಲ್ಲಿ ವೆಲಿಕಾ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದಳು, ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು.

ಮರುದಿನ ಮಧ್ಯಾಹ್ನ ಊರಿಗೆ ಊರೇ ಕಿವಿ ನೆಟ್ಟು ಕೂತಿತ್ತು. ವೆಲಿಕಾ ಎಂದಿನ ಗತ್ತಿನಲ್ಲಿ ಓದಿದಳು: ಮಕ್ಕಳಿಗೆ ವಾಂತಿಯಾದದ್ದು ಪ್ರೋಡನ್ ಡೈರಿಯ ಹಾಲಿನಿಂದ, ಡಾಕ್ಟರು ಹೇಳಿದ್ದಾರೆ. ಹಾಲು ಚೆನ್ನಾಗಿಯೇ ಇತ್ತಂತೆ, ಪ್ರೋಡನ್ ಹೇಳುತ್ತಾರೆ.

ಆ ‘ಇತ್ತಂತೆ’ ಚೌಕದಲ್ಲಿ ಬಿದ್ದದ್ದೇ ತಡ, ಜನ ಒಬ್ಬರ ಮುಖ ಒಬ್ಬರು ನೋಡಿ ಮೂಗು ಮುರಿದರು. ಇತ್ತಂತೆ, ಪಾಪ! ಅಂತೆಗೆ ಎರಡು ಮುಖ ಇರುವುದು ಯಾರಿಗೆ ತಾನೇ ಗೊತ್ತಿಲ್ಲ? ನಾನು ನೋಡಿಲ್ಲ ಎನ್ನುವುದು ಒಂದು. ನೋಡಪ್ಪ, ಇವನ ಬುರುಡೆ ಎನ್ನುವುದು ಇನ್ನೊಂದು. ಸಂಜೆಯೊಳಗೆ ಅಂಗಡಿಗಳವರು ಪ್ರೋಡನ್‌ನ ಚೀಸು, ಮೊಸರು ಎಲ್ಲ ವಾಪಸು ಕಳಿಸಿದರು. ಯಾರೋ ಡೈರಿಯ ಗೇಟಿಗೆ ಕೆಂಪು ಬಣ್ಣ ಎರಚಿದರು. ಮಾರನೆಯ ದಿನ ರಾಜಧಾನಿಯ ಟಿವಿಯವರು ಬಂದು ಶಿಶುವಿಹಾರದ ಮೆಟ್ಟಿಲ ಮೇಲೆ ಒಂದು ಪುಟ್ಟ ಚಪ್ಪಲಿ ಇಟ್ಟು, ಅದರ ಹಿಂದೆ ಅಳುವ ಪಿಟೀಲು ಸೇರಿಸಿ ‘ವಿಷದ ಹಾಲು’ ಎಂದು ತೋರಿಸಿದರು. ಸ್ಥಳೀಯ ರೇಡಿಯೊ ಕೂಡ ಇದನ್ನು ದೃಢಪಡಿಸಿದೆ ಎಂದೂ ಹೇಳಿದರು. ವೆಲಿಕಾಳಿಗೆ ಅದು ಇರಿಸುಮುರಿಸಾಯಿತು. ತಾನು ಯಾವಾಗ ದೃಢಪಡಿಸಿದೆ ಎಂದು ಟಿವಿಗೆ ಬೈದು ಆರಿಸಿದಳು.

ಆ ರಾತ್ರಿ ಊಟದ ಹೊತ್ತಿಗೆ ಬಾಗಿಲು ಬಡಿದವಳು ಪ್ರೋಡನ್‌ನ ಹೆಂಡತಿ ಸೆವ್ದಾ. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತಳು.

“ವೆಲಿಕಾ, ಡಾಕ್ಟರಮ್ಮ ಹಾಲಿಂದ ಇರಬಹುದು ಅಂದ್ರು. ನಾನೂ ಅಲ್ಲೇ ಇದ್ದೆ. ನೀನು ಆ ‘ಬಹುದು’ ನುಂಗ್ಬಿಟ್ಟೆ. ನನ್ನ ಗಂಡನ ಮಾತಿಗೆ ಮಾತ್ರ ಅಂತೆ ಅಂಟಿಸ್ದೆ. ಹಾಲನ್ನೂ ನೀನು ನೋಡಿಲ್ಲ, ಪಾತ್ರೆನೂ ನೋಡಿಲ್ಲ. ಮರದ ಸಿಟ್ಟು ಮರದ ಮೇಲೆ ಇಟ್ಕೊಳಮ್ಮ.”

ಅಷ್ಟು ಹೇಳಿ ಹೊರಟುಹೋದಳು. ವೆಲಿಕಾಳಿಗೆ ಮೊದಲು ಬಂದದ್ದು ಸಿಟ್ಟು. ನನಗೇ ಪಾಠ ಹೇಳಲು ಬಂದಳಾ ಎಂದು ಸೂಪಿನ ಬಟ್ಟಲನ್ನು ಕುಟ್ಟಿ ಇಟ್ಟಳು. ಆಮೇಲೆ ತಾನು ಓದಿದ್ದನ್ನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಗಟ್ಟಿಯಾಗಿ ಹೇಳಿ ನೋಡಿಕೊಂಡಳು. ‘ಇತ್ತಂತೆ’ ಎನ್ನುವಾಗ ತನ್ನ ದನಿ ಕೊಂಕು ತೆಗೆದದ್ದು ತನಗೇ ಕೇಳಿಸಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸುಳ್ಳೊಂದನ್ನೂ ಕಟ್ಟದೆ, ಒಂದು ಬಾಲ ಇಲ್ಲಿಂದ ಕಿತ್ತು ಅಲ್ಲಿ ಅಂಟಿಸಿ, ಒಬ್ಬನ ಅನ್ನ ಕಿತ್ತುಕೊಂಡಿದ್ದಳು. ಹಳೆಯ ಗೋಧಿಯ ಮಹಾಶಯನಿಗೂ ಇಷ್ಟು ಜಾಣತನ ಇರಲಿಲ್ಲ.

ತಿದ್ದಬೇಕು ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಸುಮ್ಮನಿದ್ದರೆ ಇಷ್ಟು ವರ್ಷ ಕಟ್ಟಿದ ನಂಬಿಕೆ ಹೋಗುತ್ತದೆ; ತಿದ್ದಿದರೂ ಹೋಗಬಹುದು. ಹೋಗುವುದಾದರೆ ಹೇಳಿಯೇ ಹೋಗಲಿ ಎಂದುಕೊಂಡಳು. ಬೆಳಿಗ್ಗೆ ಅವಳು ತಿದ್ದಿ ಓದುತ್ತಾಳೆಂದು ಹೇಗೋ ತಿಳಿದು ಮೇಯರ್ ಗಾಬರಿಯಿಂದ ಮೇಲಂತಸ್ತಿಗೆ ಬಂದ. ಶಿಶುವಿಹಾರ ಪುರಸಭೆಯದು, ಹಾಲಿನ ಮೇಲಿದ್ದ ಕಣ್ಣು ಅಡುಗೆಮನೆಯ ಮೇಲೆ ಬಿದ್ದರೆ ತನ್ನ ಗತಿಯೇನು ಎಂಬುದು ಅವನ ಚಿಂತೆ. ಕೆದಕಬೇಡಿ ವೆಲಿಕಾ ಅವರೇ ಎಂದು ಗೋಗರೆದ. ವೆಲಿಕಾ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಮೈಕು ಹಚ್ಚಿದಳು.

“ಮೊನ್ನೆ ನಾನು ಡಾಕ್ಟರ ಮಾತನ್ನು ತಿರುಚಿ ಓದಿದೆ. ಅವರು ಇರಬಹುದು ಅಂದಿದ್ದರು, ನಾನು ಹೌದು ಅಂತ ಓದಿದೆ. ಪ್ರೋಡನ್ ಮಾತನ್ನು ಕೊಂಕು ಮಾಡಿ ಓದಿದೆ. ಹಾಲಿನಿಂದ ಆಯಿತಂತೆ, ಹಾಲು ಚೆನ್ನಾಗಿತ್ತಂತೆ. ಎರಡಕ್ಕೂ ಅಂತೆ. ನನಗೆ ಗೊತ್ತಿಲ್ಲ. ಅವನ ಮೇಲೆ ನನಗೆ ಸಿಟ್ಟಿರುವುದು ನಿಮಗೆಲ್ಲ ಗೊತ್ತು, ಓದುವಾಗ ಅದು ಬಾಯಿಗೆ ಬಂದಿತ್ತು. ಹಾಲಿನ ಪರೀಕ್ಷೆಯ ವರದಿ ಬಂದ ದಿನ ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ.”

ವರದಿ ಬಂತು. ಹಾಲೇ ಕೆಟ್ಟಿತ್ತು. ಬಹಳ ಹೊತ್ತು ಬೆಚ್ಚಗೆ ಉಳಿದ ಹಾಲಿನಲ್ಲಿ ಹುಟ್ಟುವ ವಿಷ, ಕುದಿಸಿದರೂ ಹೋಗುವಂಥದ್ದಲ್ಲ. ವೆಲಿಕಾ ಒಂದಕ್ಷರ ಬಿಡದೆ ಓದಿದಳು. ಓದಿ ಕೆಳಗಿಳಿದು, ದಿನವೂ ಕಾಫಿ ಕುಡಿಯುವ ಬೇಕರಿಗೆ ಹೋದರೆ ಕಲಿನಾ ಕಾಫಿ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದು ಕೂತು ಬಂದವಳು, ಕಣ್ಣಿಗೆ ಇನ್ನೂ ನಿದ್ದೆ ಹತ್ತಿರಲಿಲ್ಲ. ಅಂಗಡಿಯ ತುಂಬ ಜನ.

“ಈಗ ಏನಂತೆ, ವೆಲಿಕಕ್ಕ?” ಅಂದಳು. “ಪ್ರೋಡನ್‌ನ ವಕೀಲಿ ಮಾಡಿದ್ಯಲ್ಲ, ಅವನ ಹಾಲು ಅಮೃತ ಅಂತೆಯಾ?”

ಎಲ್ಲರೂ ನಕ್ಕರು. ವೆಲಿಕಾ ತಲೆ ತಗ್ಗಿಸಲಿಲ್ಲ.

“ಹಾಲು ಚೆನ್ನಾಗಿತ್ತು ಅಂತ ನಾನು ಯಾವತ್ತು ಹೇಳ್ದೆ, ಕಲಿನಾ? ನಂಗೆ ಗೊತ್ತಿಲ್ಲ ಅಂದೆ. ಆವತ್ತು ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು, ಹೇಳ್ದೆ. ನಿನ್ನ ಮಗಳ ಮೇಲಾಣೆ, ನಾಳೆನೂ ಹಿಂಗೇ ಮಾಡ್ತೀನಿ.”

ಕಾಫಿ ಮಾತ್ರ ಸಿಗಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಜನ ಅವಳನ್ನು ನೋಡಿಯೂ ನೋಡದವರಂತೆ ಹೋದರು. ಅವಳಿಗೆ ನೋವಾಯಿತು, ಚೆನ್ನಾಗಿಯೇ ನೋವಾಯಿತು. ಆದರೆ ತಾನು ಮಾಡಿದ್ದು ಸರಿ ಎನ್ನುವುದು ಅವಳ ಎದೆಯಲ್ಲಿ ಕದಲಲಿಲ್ಲ.

ಟಿವಿಯವರು ಮತ್ತೆ ಬಂದು ಪ್ರೋಡನ್‌ನ ಗೇಟಿನ ಮುಂದೆ ಠಿಕಾಣಿ ಹೂಡಿದರು. ಅವನು ಗೇಟು ತೆಗೆಯಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಹೊಳೆದಂಡೆಯ ಮೇಲೆ ಸುತ್ತು ಹಾಕಿಕೊಂಡು ಮಧ್ಯಾಹ್ನದ ಸುದ್ದಿಗೆ ಸ್ವಲ್ಪ ಮುಂಚೆ ಪುರಸಭೆಯ ಮೆಟ್ಟಿಲು ಹತ್ತಿ ಬಂದ. ಮುಖ ಇಳಿದುಹೋಗಿತ್ತು, ಗಡ್ಡ ಬೆಳೆದಿತ್ತು. ಬೇಲಿ ಎದ್ದ ಮೇಲೆ ಇಬ್ಬರ ನಡುವೆ ಅದೇ ಮೊದಲ ಮಾತು.

“ಬರ್ಕೋ,” ಅಂದ. “ಹಾಲು ಕಳಿಸೋ ಹಿಂದಿನ ರಾತ್ರಿ ಕರೆಂಟ್ ಹೋಗಿತ್ತು.”

ವೆಲಿಕಾ ಪೆನ್ನು ಮುಟ್ಟಲಿಲ್ಲ. “ಹೊರಗೆ ಅಷ್ಟು ಕ್ಯಾಮೆರಾ ನಿಂತಿದಾವೆ. ನನ್ನ ಹತ್ರ ಯಾಕೆ ಬಂದೆ?”

“ಅವರಿಗೆ ನಾನು ಎಂಥವನು ಅಂತ ಬರೋಕ್ ಮುಂಚೇನೇ ಗೊತ್ತು,” ಅಂದ ಪ್ರೋಡನ್. “ನೀನೊಬ್ಳೇ ಗೊತ್ತಿಲ್ಲ ಅಂದಿದ್ದು. ನನ್ನ ಕಂಡ್ರೆ ಆಗದೇ ಇದ್ರೂ ಅಂದೆ. ಆವತ್ತಿಂದ ನಂಗೆ ನಿದ್ದೆ ಇಲ್ಲ.”

ವೆಲಿಕಾ ಎದ್ದು ತನ್ನ ಕುರ್ಚಿಯನ್ನು ಅವನ ಕಡೆಗೆ ತಳ್ಳಿದಳು. ನಾನು ಬರೆದುಕೊಂಡು ಓದಿದರೆ ಅದು ಅಂತೆಯಾಗುತ್ತದೆ, ಕಂಡವನು ನೀನು, ನೀನೇ ಹೇಳು ಎಂದಳು. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಾನು ಪ್ರೋಡನ್. ರಾತ್ರಿ ಕರೆಂಟ್ ಹೋಯ್ತು. ಹಾಲು ತಂಪು ಮಾಡೋ ಮೆಷಿನ್ ನಿಂತಿತ್ತು, ಬೆಳಿಗ್ಗೆ ನಾನೇ ನೋಡ್ದೆ. ಹಾಲು ಬೆಚ್ಚಗಿತ್ತು. ಮೂಸಿ ನೋಡ್ದೆ, ವಾಸನೆ ಇರ್ಲಿಲ್ಲ. ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಕಳಿಸ್ದೆ. ಚೆನ್ನಾಗಿತ್ತು ಅಂತ ಸುಳ್ಳು ಹೇಳ್ದೆ.”

ಅಡುಗೆಮನೆಗಳಲ್ಲಿ ಸೌಟು ಹಿಡಿದ ಕೈಗಳು ಹಾಗೇ ನಿಂತವು. ಟಿವಿಯವರು ಸುದ್ದಿ ತಿಳಿದು ಪುರಸಭೆಗೆ ಓಡಿ ಬರುವಷ್ಟರಲ್ಲಿ ಹೇಳುವುದೆಲ್ಲ ಮುಗಿದಿತ್ತು. ಸಿಕ್ಕ ಮೆಟ್ಟಿಲಿನದೇ ಚಿತ್ರ ತೆಗೆದುಕೊಂಡು ಹೋದರು.

ಪ್ರೋಡನ್‌ಗೆ ದಂಡ ಬಿತ್ತು. ಬೇಸಿಗೆ ಕಳೆಯುವವರೆಗೆ ಡೈರಿಗೆ ಬೀಗ. ಕೆಲವರು ಅವನನ್ನು ಇವತ್ತಿಗೂ ಮಾತಾಡಿಸುವುದಿಲ್ಲ, ಅದೇನು ತಪ್ಪಲ್ಲ. ವೆಲಿಕಾ ಈಗಲೂ ಮಧ್ಯಾಹ್ನದ ಸುದ್ದಿ ಓದುತ್ತಾಳೆ. ಆಗದವರ ಮಾತು ಬಂದರೆ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ, ದನಿ ಸರಿಯಿದೆಯೇ ಎಂದು ಕೇಳಿಸಿಕೊಂಡೇ ಮೈಕಿನ ಮುಂದೆ ಕೂರುತ್ತಾಳೆ. ಅಕ್ರೋಟ್ ಮರದ ವ್ಯಾಜ್ಯ ಇನ್ನೂ ತೀರಿಲ್ಲ, ತೀರುವ ಲಕ್ಷಣವೂ ಇಲ್ಲ.

ಡೈರಿಯ ಬೀಗ ತೆಗೆದ ವಾರ ವೆಲಿಕಾ ಬೇಕರಿಗೆ ಹೋದಾಗ ಕಲಿನಾ ಬಾನಿತ್ಸಾ ಎನ್ನುವ ಪದರಪದರದ ತಿನಿಸಿಗೆ ಚೀಸು ತುರಿಯುತ್ತಿದ್ದಳು. ಪಕ್ಕದಲ್ಲಿದ್ದ ಡಬ್ಬ ಪ್ರೋಡನ್‌ನ ಡೈರಿಯದು. ಮಗಳು ಮೇಜಿನ ಕೆಳಗೆ ಕೂತು ಹಿಟ್ಟಿನಲ್ಲಿ ಬೊಂಬೆ ಮಾಡುತ್ತಿದ್ದಳು. ವೆಲಿಕಾಳಿಗೆ ನಂಬಲಾಗಲಿಲ್ಲ. ಮಗು ಸಾಯುವ ಹಾಗಾಗಿತ್ತಲ್ಲೇ, ಊರಲ್ಲಿ ಬೇರೆ ಚೀಸು ಸಿಗಲಿಲ್ಲವಾ ಎಂದು ಕೇಳಿದಳು.

ಕಲಿನಾ ಅವಳ ಮುಂದೆ ಕಾಫಿ ಇಟ್ಟಳು.

“ಸಿಗುತ್ತೆ ವೆಲಿಕಕ್ಕ, ಬೇಕಾದಷ್ಟು ಸಿಗುತ್ತೆ. ಆ ಬೇರೆಯವರ ಹಾಲು ಕೆಟ್ರೆ ನಂಗ್ಯಾರು ಹೇಳ್ತಾರೆ?”