ಇಂಡೋನೇಷ್ಯಾ ಬಂದ ದಿನ ನಮ್ಮನೆ ಏಣಿ

ಇವತ್ತು ಬೆಳಿಗ್ಗೆ ಅಟ್ಟದ ಬಾಗಿಲು ತೆಗೆದೆ. ಒಣಗಿದ ಕಾಯಿಯ ವಾಸನೆ ಮುಖಕ್ಕೆ ಬಡಿಯಿತು. ಅದು ಎಂಥ ವಾಸನೆ ಎಂದು ನೀವು ಕೇಳಿದರೆ ಹೇಳುವುದು ಕಷ್ಟ. ಸ್ವಲ್ಪ ಸಿಹಿ, ಸ್ವಲ್ಪ ಹೊಗೆ, ಸ್ವಲ್ಪ ಹಳೆಯ ಟ್ರಂಕು. ನಮ್ಮ ತುರುವೇಕೆರೆ ಕಡೆ ಹುಟ್ಟಿ ಬೆಳೆದವರ ಮೂಗಿಗೆ ಇದು ತಾಗುವುದೇ ಇಲ್ಲ. ಹೊರಗಿನಿಂದ ಸೊಸೆಯಾಗಿ ಬಂದ ನನಗೆ ಮಾತ್ರ ಇಷ್ಟು ವರ್ಷವಾದರೂ ತಾಗುತ್ತದೆ. ತಾಗಿದಾಗಲೆಲ್ಲ ನೆನಪಾಗುವುದು ತೆಂಗಿನ ತೋಟವಲ್ಲ, ಇಂಡೋನೇಷ್ಯಾ ದೇಶ! ನಗಬೇಡಿ, ಹೇಳುತ್ತೇನೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಭೂಗೋಳ ಕಲಿಸುತ್ತಿದ್ದ ಸಿಸ್ಟರ್‌ಗೆ ದೇಶವೆಂದರೆ ಮೂರೇ ತಲೆಬರಹ: ಸರ್ಕಾರ, ಜನ, ಆರ್ಥಿಕತೆ. ಎಷ್ಟು ದೊಡ್ಡ ದೇಶವಾದರೂ ಸರಿ, ಮಡಚಿ ಈ ಮೂರು ಡಬ್ಬಿಗಳಲ್ಲಿ ತುಂಬಿಬಿಡಬೇಕು. ಹವಾಗುಣ ಬೇರೆ ಪಾಠ. ಅದು ಪರೀಕ್ಷೆಗೆ ಬರುವುದಿಲ್ಲವೆಂದು ಅವರು ಪುಟ ಮಗುಚುತ್ತಿದ್ದರು. ಇನ್ನು ಸುಳ್ಳು ಹೇಳಿದವರನ್ನು ಗಂಟೆ ಬಾರಿಸುವವರೆಗೂ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು.

ಹೀಗೆ ತಯಾರಾಗಿ ದಬ್ಬೇಘಟ್ಟದ ಹತ್ತಿರದ ಈ ಮನೆಗೆ ಬಂದ ನನಗೆ ದೇಶ ದೇಶಗಳ ರಾಜಧಾನಿ ಬಾಯಿಪಾಠ. ಆದರೆ ಕಾಯಿ ಒಣಗಿದೆಯೋ ಇಲ್ಲವೋ ಹೇಳಲು ಬಾರದು. ಅತ್ತೆ ಕಾಯನ್ನು ಕಿವಿಗೆ ಹಿಡಿದು ಒಮ್ಮೆ ಕುಲುಕಿ, "ಇನ್ನೂ ಎಲ್ಡು ತಿಂಗ್ಳು ಮನಿಕೊಳ್ಲಿ ಬುಡು" ಎನ್ನುತ್ತಿದ್ದರು. ನಾನು ಕುಲುಕಿದರೆ ನನ್ನ ಬಳೆಯ ಸದ್ದಷ್ಟೇ ಕೇಳುತ್ತಿತ್ತು. ಹಾಗಾಗಿ ಅಟ್ಟದ ಕೆಲಸಕ್ಕೆ ನನ್ನನ್ನು ಅವರು ಸೇರಿಸುತ್ತಿರಲಿಲ್ಲ.

ಅಟ್ಟವೆಂದರೆ ನಮ್ಮಲ್ಲಿ ಬೇಡದ ಸಾಮಾನು ಎಸೆಯುವ ಜಾಗವಲ್ಲ. ಸಿಪ್ಪೆ ಸಮೇತ ಕಾಯಿ ಅಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಮಲಗುತ್ತದೆ. ನೀರೆಲ್ಲ ಒಳಗೇ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಕುಲುಕಿದರೆ ಒಳಗೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಎಣ್ಣೆ ಯಾರು ಬೇಕಾದರೂ ತೆಗೆದಾರು, ಈ ಉಂಡೆ ನಮ್ಮ ಸೀಮೆಯದು ಎಂಬುದು ಅತ್ತೆಯ ಹೆಮ್ಮೆ.

ಕೆಲವು ವರ್ಷಗಳ ಹಿಂದೆ ನಮ್ಮನೆಯವರು ಒಂದು ಸುದ್ದಿ ತಂದರು. ಇಂಡೋನೇಷ್ಯಾದ ನಾಲ್ವರು ತೆಂಗು ಬೆಳೆಗಾರರು ನಮ್ಮ ಕೊಬ್ಬರಿ ಅಟ್ಟ ನೋಡಲು ಬರುತ್ತಾರಂತೆ. "ನೀನು ಕಾನ್ವೆಂಟು ಕಣೇ, ನೀನೇ ಮಾತಾಡ್ಸು" ಎಂದು ಹೇಳಿ ತೋಟಕ್ಕೆ ಹೋಗಿಯೇಬಿಟ್ಟರು.

"ಅದ್ಯಾವ ದೇಸ್ವೇ ಅದು? ಏನೇನೈತೆ ಅಲ್ಲಿ?" ಎಂದು ಅತ್ತೆ ಕೇಳಿದರು.

ಅಬ್ಬಾ, ನನ್ನ ವಿದ್ಯೆಗೂ ಒಂದು ದಿನ ಬಂತು! ಮಗಳ ಅಟ್ಲಾಸು ಬಿಡಿಸಿಕೊಂಡು ಮೂರು ದಿನ ಪಾಠ ಮಾಡಿದೆ. ಅಲ್ಲಿ ರಾಜನಿಲ್ಲ, ಜನ ಓಟು ಹಾಕಿ ನೇರವಾಗಿ ಅಧ್ಯಕ್ಷರನ್ನು ಆರಿಸುತ್ತಾರೆ. ದ್ವೀಪಗಳೇ ಹದಿನೇಳು ಸಾವಿರಕ್ಕೂ ಹೆಚ್ಚು.

"ಓಟಿನ ಪೆಟ್ಗೆ ಎಂಗೇ ಸಾಗುಸ್ತಾರೆ?"

"ದೋಣಿಯಲ್ಲಿ ಅತ್ತೆ."

"ಮುಳುಗಿದ್ರೆ?"

ಇದಕ್ಕೆ ಸಿಸ್ಟರ್ ಉತ್ತರ ಬರೆಸಿರಲಿಲ್ಲ. ಜನರಿಗೆ ಹೋದೆ. ನೂರಾರು ಭಾಷೆ, ಎಲ್ಲರಿಗೂ ಸೇರಿ ಒಂದು ಭಾಷೆ, ಜನಸಂಖ್ಯೆಯಲ್ಲಿ ಜಗತ್ತಿಗೇ ನಾಲ್ಕನೆಯವರು. ಆಮೇಲೆ ಉತ್ಸಾಹದಿಂದ ಆರ್ಥಿಕತೆಗೆ ಬಂದೆ: ಕಲ್ಲಿದ್ದಲು, ಭತ್ತ, ಪಾಮ್ ಎಣ್ಣೆ.

"ಓಹೋ, ಆ ಪಾಕೀಟು ಎಣ್ಣೆಯೋರಾ!" ಅತ್ತೆ ಸುಲಿಯುತ್ತಿದ್ದ ಬೆಳ್ಳುಳ್ಳಿ ಕೆಳಗಿಟ್ಟರು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಪೂರ್ತಿ ಅಂಕದ ಆಸೆ ನೋಡಿ. "ತೆಂಗು ಬೆಳೆಯೋದ್ರಲ್ಲೂ ಪ್ರಪಂಚದಲ್ಲೇ ಮುಂದೆ ಇದಾರೆ ಅತ್ತೆ!" ಎಂದೆ.

ಅತ್ತೆ ಎದ್ದು ಒಳಗೆ ಹೋದರು. ಅತಿಥಿಗಳು ಬರುವ ದಿನ ಬೆಳಿಗ್ಗೆ ನೋಡಿದರೆ ಅಟ್ಟದ ಏಣಿ ಇಲ್ಲ!

"ಕೊಟ್ಗೆ ಹಿಂದೆ ಮಡಗಿವ್ನಿ" ಎಂದರು ಅತ್ತೆ. "ಅಷ್ಟು ಕಾಯಿರೋರು ನಮ್ಮ ಉಂಡೆ ಮಾಡೋದ್ನೂ ಕಲ್ತ್ರೆ ನಾವು ಮಣ್ಣು ತಿನ್ಬೇಕಾ? ಏಣಿ ಮುರ್ದೋಗೈತೆ ಅನ್ನು."

ಮಧ್ಯಾಹ್ನ ಅವರು ಬಂದರು. ಇಂಗ್ಲಿಷ್ ಬರುತ್ತಿದ್ದದ್ದು ದೇವಿ ಎಂಬ ನಡುವಯಸ್ಸಿನ ಹೆಂಗಸಿಗೆ ಮಾತ್ರ, ಅದೂ ನನ್ನಷ್ಟೇ ತಡವರಿಸಿಕೊಂಡು. ನಾನು ಭಕ್ತಿಯಿಂದ ಅವರ ದೇಶದ ವಿಷಯವನ್ನು ಅವರಿಗೇ ಒಪ್ಪಿಸಿದೆ. ಆಕೆ ಕೈ ಜೋಡಿಸಿ ಕೇಳಿಸಿಕೊಂಡು, ತಾನು ಸುಲಾವೆಸಿ ದ್ವೀಪದವಳು, ರಾಜಧಾನಿ ಜಕಾರ್ತವನ್ನು ನೋಡಿಯೇ ಇಲ್ಲ ಎಂದಳು. ನಾನೂ ದೆಹಲಿ ನೋಡಿಲ್ಲ ಎಂದೆ. ಅಲ್ಲಿಗೆ ಇಬ್ಬರೂ ಸ್ವಲ್ಪ ಸಲೀಸಾದೆವು.

ಆಕೆ ತಲೆ ಎತ್ತಿ ಅಟ್ಟ ನೋಡಿದಳು. ಕಾಯಿ ಅಲ್ಲಿ ಎಷ್ಟು ದಿನ ಇರಬೇಕು ಎಂದು ಕೇಳಿದಳು. ನಾನು ಅತ್ತೆಯ ಮುಖ ನೋಡಿದೆ.

"ಮೂರು ತಿಂಗ್ಳು ಅನ್ನು" ಎಂದರು ಅತ್ತೆ, ಕಣ್ಣು ಮಿಟುಕಿಸದೆ.

ನೀವೇ ಹೇಳಿ, ನಾನು ಏನು ಮಾಡಬೇಕಿತ್ತು? ಮೂರು ತಿಂಗಳು ಎಂದರೆ ಆಕೆ ಅಷ್ಟು ದೂರ ಹೋಗಿ ಹಸಿ ಕಾಯಿ ಒಡೆದುಕೊಂಡು ಕೂರುತ್ತಾಳೆ. ನಿಜ ಹೇಳಿದರೆ ಈ ಮನೆಯ ಅನ್ನ ಉಂಡು ಈ ಮನೆಯ ಗುಟ್ಟು ಬಿಟ್ಟವಳಾಗುತ್ತೇನೆ. ಎಂಟು ವರ್ಷ ಈ ಅತ್ತೆಯ ಮೆಚ್ಚುಗೆಗೆ ಕಾದವಳು ನಾನು. ಬಾಯಿ ತೆರೆದೆ. ಸಣ್ಣ ದನಿಯಲ್ಲಿ "ಒನ್ ಇಯರ್" ಎಂದಿತು ಅದು.

ದೇವಿ ಮೊದಲು ಬೆಚ್ಚಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನವರಿಗೆ ಹೇಳಿದಳು, ಅವರೂ ನಕ್ಕರು.

"ಮೂರು ತಿಂಗ್ಳಿಗೆ ಯಾಕೆ ಇಷ್ಟೊಂದು ನಗ್ತಾರೆ?" ಅತ್ತೆಯ ದನಿ ಬಿಗಿಯಾಯಿತು. "ಏನಂದೇ ನೀನು?"

"ವರ್ಷ ಅಂದೆ ಅತ್ತೆ. ಸುಳ್ಳು ಇಂಗ್ಲಿಷಲ್ಲಿ ಬರ್ಲಿಲ್ಲ."

ಅತ್ತೆ ನನ್ನನ್ನೇ ನೋಡಿದರು. ಆ ನೋಟದ ಮುಂದೆ ಕಾನ್ವೆಂಟಿನ ಬಾಗಿಲೇ ವಾಸಿ. ದೇವಿ ನಗುತ್ತಲೇ ಹೇಳುತ್ತಿದ್ದುದನ್ನು ನಾನು ಗಡಿಬಿಡಿಯಲ್ಲಿ ಕನ್ನಡದಲ್ಲಿ ಒಪ್ಪಿಸಿದೆ: ಅವರ ಊರಲ್ಲಿ ಮಳೆ ಬಿಡುವುದೇ ಅಪರೂಪವಂತೆ, ಗಾಳಿಯೆಲ್ಲ ಒದ್ದೆ. ಅಟ್ಟದಲ್ಲಿ ವರ್ಷ ಇಟ್ಟರೆ ಕಾಯಿ ಮೊಳೆತು ಸೂರು ತೂತು ಮಾಡಿಕೊಂಡು ಮರವೇ ಎದ್ದೀತಂತೆ. ಅದಕ್ಕೇ ಅವರು ಕಾಯಿ ಒಡೆದು ಬೇಗ ಬೇಗ ಒಣಗಿಸಿ ಎಣ್ಣೆಗೆ ಹಾಕುವುದಂತೆ. ಇಷ್ಟು ಒಣ ಗಾಳಿ ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದಾಳೆ.

ಮಳೆಗಾಗಿ ಮುಗಿಲು ನೋಡುತ್ತಲೇ ವಯಸ್ಸು ಕಳೆದ ಅತ್ತೆ ಜಗುಲಿಯ ಮೇಲೆ ಕೂತೇಬಿಟ್ಟರು. "ಬರೀ ಮಳೇನಾ? ಅಯ್ಯೋ, ಅದ್ನ ಮೊದ್ಲೇ ಹೇಳಕ್ಕೇನಾಗಿತ್ತೇ ನಿಂಗೆ? ಮೂರು ದಿನ ಒದ್ರಿದ್ಯಲ್ಲ, ಅಧ್ಯಕ್ಷ ಅಂತೆ, ಕಲ್ಲಿದ್ದಲು ಅಂತೆ!"

"ಅದು ಪರೀಕ್ಷೆಗೆ ಬರ್ತಿರ್ಲಿಲ್ಲ ಅತ್ತೆ."

ಅತ್ತೆ ಎದ್ದು ಹೋಗಿ ತಾವೇ ಏಣಿ ಎಳೆದು ತಂದರು. ಮುರಿದಿದೆ ಎಂದಿದ್ದ ಏಣಿಯ ಮೇಲೆ ಇಂಡೋನೇಷ್ಯಾ ಒಬ್ಬೊಬ್ಬರಾಗಿ ಹತ್ತಿತು. ಹೊರಡುವಾಗ ದೇವಿಯ ಚೀಲಕ್ಕೆ ಅತ್ತೆ ನಾಲ್ಕು ಉಂಡೆ ಕೊಬ್ಬರಿ ಹಾಕಿದರು. "ಪಾಪ, ಸಾರಿಗಾದ್ರೂ ಆಯ್ತದೆ." ನನ್ನನ್ನು ಬೈಯಲಿಲ್ಲ. ಬೈಯದೆ ಇದ್ದುದೇ ನನಗೆ ಒಂದು ವಾರ ನುಂಗಲಾರದ ತುತ್ತಾಗಿತ್ತು. ಮುಂದಿನ ಸುಗ್ಗಿಗೆ ಏಣಿಯ ಬುಡದಲ್ಲಿ ನಿಂತು, "ಬಳೆ ತೆಗ್ದಿಟ್ಟು ಮೇಲಕ್ಕೆ ಹತ್ತು, ಕಾಯಿ ಸದ್ದು ಕೇಳ್ತದೆ" ಎಂದರು. ಈಗ ನನ್ನ ಕಿವಿಗೂ ಕಾಯಿ ಮಾತಾಡುತ್ತದೆ.

ಇವತ್ತು ನಾನು ಅಟ್ಟದಿಂದ ಕಾಯಿ ಇಳಿಸುತ್ತಿರುವಾಗಲೇ ಹೊಸ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದರು. "ಎಷ್ಟು ತಿಂಗ್ಳಿನ ಕಾಯಿ ಅಮ್ಮಾರೇ?" ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಮೇಲಕ್ಕೆ ಕೈ ತೋರಿಸಿದರು. "ನನ್ನ ಕೇಳ್ಬ್ಯಾಡ ಕಣಪ್ಪ. ನಾನು ಏನಾರ ಅಂದ್ಬುಟ್ಟೇನು. ಅವ್ಳನ್ನ ಕೇಳು."